ಅಂಚಿನಲ್ಲಿ ಅಳಿಸಿದ ಎರಡು

ಹನ್ನೊಂದು ದಿನಗಳ ಮೇಲೆ ಅತ್ತೆ ಮೊದಲ ಸಲ ಬೈದಾಗ, ಎಲ್ಲ ಮತ್ತೆ ಮೊದಲಿನಂತಾಯಿತು ಎಂದು ಗಂಗಾಮಣಿಗೆ ತಿಳಿಯಿತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಅವಳು ಎದುರಿಗೇ ನಿಂತು ಅದನ್ನು ನೋಡುತ್ತಿದ್ದಳು. "ಕಣ್ಣೇನ್ ನೆತ್ತಿ ಮ್ಯಾಲೆ ಮಡಿಕಂಡಿದ್ದೀಯ? ಅರ್ಧ ಲೀಟ್ರು ಹಾಲ್ನ ಒಲೆಗೆ ಕುಡಿಸ್‌ಬುಟ್ಟಲ್ಲೇ" ಎಂದು ರಾಜಲಕ್ಷ್ಮಮ್ಮ ಮಸಿಬಟ್ಟೆಯನ್ನು ಅವಳ ಕಾಲಬುಡಕ್ಕೆ ಎಸೆದರು. ನಿನ್ನೆ ಗಂಡನ ತಿಥಿ ಮುಗಿಯುವ ತನಕ ಮನೆಯಲ್ಲಿ ಯಾರೂ ಅವಳಿಗೆ ಗಟ್ಟಿಯಾಗಿ ಮಾತನಾಡಿರಲಿಲ್ಲ. ಬಂದವರೆಲ್ಲ ಅವಳ ತಲೆ ಸವರಿ, ಮೂಗು ಸೀಟಿ, ಎಲೆಯ ಮುಂದೆ ಕೂತು ಎದ್ದು ಹೋಗಿದ್ದರು. ಶಾಮಿಯಾನದವನು ಬೆಳಗ್ಗೆಯೇ ಬಂದು ಕಂಬ ಕಿತ್ತುಕೊಂಡು ಹೋಗಿದ್ದ. ಅಂಗಳದಲ್ಲಿ ಉಳಿದಿದ್ದ ನಾಲ್ಕು ಗುಣಿಗಳಲ್ಲಿ ಕೋಳಿಗಳು ಕೆದಕುತ್ತಿದ್ದವು. ಬಟ್ಟೆ ಎತ್ತಿಕೊಂಡು ಒಲೆ ಒರೆಸುವಾಗ ಅವಳಿಗೆ ಹಾಯೆನಿಸಿತು. ಬೈಸಿಕೊಳ್ಳುವುದು ಅವಳಿಗೆ ಅಭ್ಯಾಸವಿತ್ತು. ಕನಿಕರದ ಎದುರು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದು ಮಾತ್ರ ಹನ್ನೊಂದು ದಿನವೂ ತಿಳಿದಿರಲಿಲ್ಲ. ಅಳು ಬಂದಿರಲಿಲ್ಲ. ಅಳು ಬರದಿದ್ದುದನ್ನು ಎಲ್ಲರೂ ಗಮನಿಸಿದ್ದಾರೆ ಎಂದೂ ಗೊತ್ತಿತ್ತು.

ಜಗಲಿಯಿಂದ ಮೈದುನ ವಸಂತ ಕೂಗಿದ. ಅವನು ಪಾಳ್ಯದ ಸೊಸೈಟಿಯಲ್ಲಿ ಕೆಲಸಕ್ಕಿದ್ದ, ಅರ್ಜಿ ನಮೂನೆಗಳ ಮೇಲೆ ಅವನಿಗೆ ಭಕ್ತಿಯಂಥ ಪ್ರೀತಿ. "ಅತ್ತಿಗೆ, ಇಲ್ಲೊಂದ್, ಇಲ್ಲೊಂದ್ ಸೈನ್ ಹಾಕ್ಬುಡಿ. ಅಣ್ಣನ ಕಾಲೇಜಲ್ಲೇ ಗುಮಾಸ್ತೆ ಕೆಲ್ಸ. ಸತ್ತೋರ ಹೆಂಡ್ರಿಗೆ ಕೊಡ್ತಾರೆ, ಬಿಡಬಾರ್ದು." ವಿದ್ಯಾರ್ಹತೆ ಎಂಬ ಕಡೆ ಅವನೇ ದುಂಡಗೆ ಎಸ್‌ಎಸ್‌ಎಲ್‌ಸಿ ಎಂದು ಬರೆದಿದ್ದ. ಅವಳು ಅಲ್ಲಿ ಬೆರಳಿಟ್ಟಳು. "ಅದೇನೂ ಅಂದ್ಕೋಬ್ಯಾಡಿ ಅತ್ತಿಗೆ. ಆಲೂರಲ್ಲಿ ಕೇಳ್ಕಂಡೇ ಬಂದೆ. ಎಮ್ಮೆಸ್ಸಿ ಅಂತ ಬರದ್ರೆ, ಇಷ್ಟು ಓದಿರೋಳು ಗುಮಾಸ್ತೆ ಕೆಲ್ಸಕ್ಕೆ ಯಾಕ್ ಬಂದ್ಲು ಅಂತ ಫೈಲು ಅಲ್ಲೇ ಕೂತ್ಕತದಂತೆ. ಓದಿದ್ದು ಎಲ್ಲೂ ಹೋಗಲ್ಲ ಬುಡಿ, ಹೊಟ್ಟೆಯೊಳ್ಗೇ ಇರ್ತದೆ." ಅವನ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ಕಷ್ಟ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎರಡನೆಯ ರ್‍ಯಾಂಕ್ ಬಂದಾಗ ಹಾಸ್ಟೆಲಿನ ಹುಡುಗಿಯರು ಅವಳನ್ನು ಎತ್ತಿ ಕುಣಿಸಿ ಬಕೆಟ್ಟಿನ ನೀರು ಸುರಿದಿದ್ದರು. ಆ ಒದ್ದೆ ಲಂಗದ ತಂಪು ಈಗ ಮೊಣಕಾಲಿಗೆ ಅಂಟಿದಂತಾಯಿತು. ನೋಡಿದರೆ ಹಾಲು ಒರೆಸಿದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು, ಸೀರೆಗೆ ತಾಗುತ್ತಿತ್ತು. ಸಹಿ ಹಾಕಿದಳು. ವಸಂತ ಶಾಯಿ ಆರಲೆಂದು ಕಾಗದವನ್ನು ಬೀಸುತ್ತ, "ಅಣ್ಣನ್ ಸಾಮಾನು ಯಾರ್‌ಯಾರದು ಏನೇನ್ ಐತೆ, ಎಲ್ಲ ಇವತ್ತೇ ಕೊಟ್ಬುಡ್ಬೇಕಂತೆ, ಅವ್ವ ಹೇಳ್ತಿತ್ತು" ಎಂದ.

ಅದು ಈ ಮನೆಯ ಪದ್ಧತಿ. ತಿಥಿಯ ಮಾರನೆಯ ದಿನ ಸತ್ತವರು ಎರವಲು ತಂದದ್ದನ್ನೆಲ್ಲ ಹುಡುಕಿ, ತೊಳೆದು, ಅವರವರಿಗೆ ಮುಟ್ಟಿಸಬೇಕು. ಗಂಡ ಮೋಹನ ನೆರೆಯ ತೋಟಪ್ಪನಿಂದ ತಂದಿದ್ದ ಹಾರೆ ಆಗಲೇ ಹೋಗಿತ್ತು, ಕಾಲೇಜಿನ ಎರಡು ಪುಸ್ತಕಗಳನ್ನು ಜವಾನ ಒಯ್ದಿದ್ದ. "ಆ ಹೊಂಗಡಹಳ್ಳದ ಸಾಹೇಬ್ರದು ನೋಟ್‌ಬುಕ್ ಒಂದೈತಲ್ಲ," ಎಂದರು ರಾಜಲಕ್ಷ್ಮಮ್ಮ, ಅವರೆಕಾಯಿ ಮೊರವನ್ನು ಬಿಸಿಲಿಗೆ ಎಳೆದುಕೊಳ್ಳುತ್ತ. "ಅದೊಂದ್ ಕೊಟ್ಬುಟ್ರೆ ನನ್ ಮಗನ್ ಕೈ ಹಗುರಾಯ್ತದೆ. ವಸಂತ, ನೀನೇ ಬಸ್ಸಿಗ್ ಹೋಗ್ಬಾ." ಗಂಗಾಮಣಿ, "ನಾನೇ ಹೋಗ್ತೀನಿ ಅತ್ತೆ" ಎಂದಳು. ರಾಜಲಕ್ಷ್ಮಮ್ಮನ ಕೈ ಮೊರದಲ್ಲಿ ನಿಂತಿತು. ತಿಥಿ ಆಗಿ ಒಂದು ದಿನ ಆಗಿಲ್ಲ ಎಂಬ ಮಾತು ಅವರ ಬಾಯಿಯವರೆಗೆ ಬಂದುದು ಕಾಣುತ್ತಿತ್ತು. ಆದರೆ ಸಾಹೇಬರ ಹೆಸರಿಗೆ ಅದನ್ನು ನುಂಗಿಸುವ ಶಕ್ತಿಯಿತ್ತು. ನಿನ್ನೆ ಎಲೆಯ ಪಂಕ್ತಿಯ ಮುಂದೆ ಕ್ಸೇವಿಯರ್ ಸಾಹೇಬರು ಎದ್ದು ನಿಂತು, ಮೋಹನ್ ಮತ್ತು ತಾನು ಸೇರಿ ಬರೆದ ಲೇಖನವನ್ನು ನಾಳೆ ಸಂಜೆ ಕಂಪ್ಯೂಟರಿನಿಂದ ಕಳಿಸುತ್ತೇನೆ, ಮೋಹನನ ಹೆಸರು ಮೊದಲಿರುತ್ತದೆ, ಪ್ರಪಂಚದ ಎಲ್ಲ ಕಡೆ ಅದನ್ನು ಓದುತ್ತಾರೆ ಎಂದು ಹೇಳಿದ್ದರು. ರಾಜಲಕ್ಷ್ಮಮ್ಮ ಅದುವರೆಗೂ ಅತ್ತದ್ದು ಒಂದು ಬಗೆ, ಆಮೇಲೆ ಅತ್ತದ್ದು ಇನ್ನೊಂದು ಬಗೆ. ಸಂಜೆಯಿಂದ ಬಂದವರಿಗೆಲ್ಲ, "ನನ್ ಮಗ ಏನೋ ಕಂಡುಹಿಡಿದ್ ಮಡಗವ್ನಂತೆ ಕಣವ್ವ, ಫಾರಿನ್ನೋರೆಲ್ಲ ಓದ್ತಾರಂತೆ" ಎನ್ನುತ್ತಿದ್ದರು. ಆ ಲೇಖನದಲ್ಲಿ ಒಂದು ತಪ್ಪಿದೆ ಎಂದು ಪ್ರಪಂಚದಲ್ಲಿ ಗೊತ್ತಿದ್ದದ್ದು ಅವರ ಸೊಸೆ ಒಬ್ಬಳಿಗೇ. ಮೋಹನ ಬದುಕಿದ್ದಾಗಲೇ ಗೊತ್ತಿತ್ತು. ಅವಳು ಹೇಳಿರಲಿಲ್ಲ.

ಜಿನೀವಾದ ಹತ್ತಿರ ನೆಲದಡಿಯಲ್ಲಿ ಒಂದು ದೊಡ್ಡ ಯಂತ್ರ, ಅದರಲ್ಲಿ ಎಲೆಕ್ಟ್ರಾನುಗಳನ್ನೂ ಪಾಸಿಟ್ರಾನುಗಳನ್ನೂ ಎದುರುಬದುರು ಓಡಿಸಿ ಗುದ್ದಿಸುತ್ತಿದ್ದರು. ಈ ವರ್ಷ, ಯಂತ್ರವನ್ನು ಕಾಯಮ್ಮಾಗಿ ನಿಲ್ಲಿಸುವ ಮುಂಚಿನ ಕೊನೆಯ ತಿಂಗಳುಗಳಲ್ಲಿ, ಇರಬೇಕಾದದ್ದಕ್ಕಿಂತ ಬೆರಳೆಣಿಕೆಯಷ್ಟು ಹೆಚ್ಚು ಗುರುತುಗಳು ಕಂಡವು. ಎಲ್ಲರೂ ದಶಕಗಳಿಂದ ಹುಡುಕುತ್ತಿದ್ದ ಹಿಗ್ಸ್ ಎಂಬ ಕಣದ್ದಿರಬಹುದು, ಇಲ್ಲವೇ ಬರೀ ಆಕಸ್ಮಿಕ ಇರಬಹುದು. ನವೆಂಬರಿನಲ್ಲಿ ಯಂತ್ರ ನಿಂತಿತು, ಇನ್ನು ಹೊಸ ಗುರುತು ಬರುವಂತಿರಲಿಲ್ಲ. ಹಿಗ್ಸ್ ಒಂದೇ ಅಲ್ಲ, ಒಂದು ಕುಟುಂಬವೇ ಇದೆ, ಐದು ಇವೆ, ಕಂಡದ್ದು ಅದರಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಎಂಬುದು ಮೋಹನನ ವಾದ. ಆಲೂರಿನ ಪಿಯು ಕಾಲೇಜಿನಲ್ಲಿ ಹುಡುಗರಿಗೆ ಓಮ್‌ನ ನಿಯಮ ಹೇಳಿಕೊಟ್ಟು ಬಂದು, ಕೈಕಾಲು ತೊಳೆದು, ಅವನು ಈ ಐವರ ಜೊತೆ ಕೂರುತ್ತಿದ್ದ. ಕ್ಸೇವಿಯರ್ ಮಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ ತಂದೆಯ ಎಸ್ಟೇಟಿಗೆ ಬಂದವರು. ಯೌವನದಲ್ಲಿ ಅರ್ಧಕ್ಕೆ ಬಿಟ್ಟ ಸಂಶೋಧನೆಯ ಕೈಬರಹದ ನೋಟ್‌ಬುಕ್ ಒಂದನ್ನು ಅವನಿಗೆ ಕೊಟ್ಟಿದ್ದರು. ದೀಪಾವಳಿ ಕಳೆದ ಭಾನುವಾರ ಅವರೇ ಪಾಳ್ಯಕ್ಕೆ ಊಟಕ್ಕೆ ಬಂದರು. ಬಡಿಸುತ್ತಿದ್ದವಳ ಕಡೆ ನೋಡಿ, "ನಿಮ್ಮದೂ ಫಿಸಿಕ್ಸೇ ಅಂತಲ್ವಾ?" ಎಂದು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಮೋಹನ, "ಅದೆಲ್ಲ ಹಿಂದಿನ ಜನ್ಮ ಸಾರ್. ಈಗ ಇವಳ ಲ್ಯಾಬು ಅಡಿಗೆಮನೆ, ಸಾಸಿವೆ ಸಿಡಿಯೋದೇ ಎಕ್ಸ್‌ಪೆರಿಮೆಂಟು" ಎಂದ. ಸಾಹೇಬರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮೋಹನ ನಕ್ಕ. ಅವಳೂ ನಕ್ಕಳು. ಸೌಟು ಹಿಡಿದುಕೊಂಡು ತಾನೂ ನಕ್ಕೆನಲ್ಲ ಎಂಬುದು ಆ ಮಾತಿಗಿಂತ ಹೆಚ್ಚು ಕಾಲ ಒಳಗೆ ಉಳಿಯಿತು.

ಮಾರನೆಯ ದಿನ, ಸೋಮವಾರ ಮಧ್ಯಾಹ್ನ, ಮೇಜು ಒರೆಸುವ ನೆಪದಲ್ಲಿ ಅವಳು ನೋಟ್‌ಬುಕ್ಕನ್ನೂ ಮೋಹನನ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಳು. ಎಂಟು ವರ್ಷದ ತುಕ್ಕು. ಮೊದಲ ಹತ್ತು ಪುಟ ಕಣ್ಣು ಜಾರಿತು, ಆಮೇಲೆ ಹಿಡಿತ ಬಂತು. ನೋಟ್‌ಬುಕ್ಕಿನ ನಲವತ್ತೊಂದನೆಯ ಪುಟದಲ್ಲಿ ನಿಂತಳು. ಬರಿದಾದ ಜಾಗದಲ್ಲೆಲ್ಲ ತುಂಬಿಕೊಂಡಿರುವ ಆ ಹಿಗ್ಸ್ ಕ್ಷೇತ್ರಕ್ಕೆ ಒಂದು ಅಳತೆಯಿದೆ. ಕೆಲವರು ಅದನ್ನು ಇನ್ನೂರ ನಲವತ್ತಾರು ಎಂದು ಬರೆಯುತ್ತಾರೆ, ಕೆಲವರು ಎರಡರ ವರ್ಗಮೂಲದಿಂದ ಭಾಗಿಸಿ ನೂರ ಎಪ್ಪತ್ತನಾಲ್ಕು ಎನ್ನುತ್ತಾರೆ. ಎರಡೂ ಸರಿ, ಆಯಾ ಅಳತೆಗೆ ಆಯಾ ಸೂತ್ರವನ್ನೇ ಹಚ್ಚಿದರೆ. ಸಾಹೇಬರ ನೋಟ್‌ಬುಕ್ಕು ಹಳೆಯ ಕಾಲದ್ದು, ಅಲ್ಲಿ ಪುಟಪುಟದಲ್ಲೂ ನೂರ ಎಪ್ಪತ್ತನಾಲ್ಕು. ಮೋಹನ ಸೂತ್ರವನ್ನು ಈಚಿನ ಲೇಖನದಿಂದ ತೆಗೆದು, ಅಂಕಿಯನ್ನು ಸಾಹೇಬರ ನೋಟ್‌ಬುಕ್ಕಿನಿಂದ ಹಾಕಿದ್ದ. ಒಂದು ಊರಿನ ಸೇರಿನಲ್ಲಿ ಅಳೆದು ಇನ್ನೊಂದು ಊರಿನ ಸೇರಿನ ಲೆಕ್ಕ ಬರೆದ ಹಾಗೆ. ಸೂತ್ರದಲ್ಲಿ ಆ ಅಂಕಿಯ ವರ್ಗದಿಂದ ಭಾಗಿಸಿದಾಗ ಉತ್ತರ ಸರಿಯಾಗಿ ಎರಡು ಪಟ್ಟಾಗುತ್ತಿತ್ತು. ಅವನ ಲೆಕ್ಕಕ್ಕೆ ನಾಲ್ಕು ಗುರುತು ಬರಬೇಕಿತ್ತು, ಯಂತ್ರದಲ್ಲಿ ಕಂಡದ್ದೂ ಹೆಚ್ಚುಕಡಿಮೆ ಅಷ್ಟೇ, ಅದಕ್ಕೇ ಆ ಹಿಗ್ಗು. ಸರಿಯಾಗಿ ಮಾಡಿದರೆ ಬರುವುದು ಎರಡು. ಅವಳು ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಎಂಬ ಅಂಕಿ ಬರೆದು ಸುತ್ತ ಗೆರೆ ಎಳೆದಳು. ಕಿವಿ ಬಿಸಿಯಾಯಿತು. ಪರೀಕ್ಷೆಯ ಹಾಲಿನಲ್ಲಿ, ಪಕ್ಕದವರೆಲ್ಲ ತಡವರಿಸುತ್ತಿರುವಾಗ ತನಗೆ ಮಾತ್ರ ದಾರಿ ಕಂಡಾಗ ಆಗುತ್ತಿದ್ದ ಬಿಸಿ ಅದು. ಅವಳು ಒಬ್ಬಳೇ ನಕ್ಕಳು. ಐದು ಗಂಟೆಗೆ ಬೈಕಿನ ಸದ್ದು ಕೇಳಿತು. ರಬ್ಬರು ತೆಗೆದು ಆ ಎರಡನ್ನು ಅಳಿಸಿ, ಪುಡಿಯನ್ನು ಊದಿ, ಕಾಫಿಗೆ ನೀರಿಟ್ಟಳು.

ಬಸ್ಸಿನಲ್ಲಿ ಪಕ್ಕಕ್ಕೆ ಕೆಂಚಮ್ಮ ಬಂದು ಕೂತಳು. ಹಿಂದಿನ ಬೀದಿಯವಳು, ಮಗಳ ಬಾಣಂತನಕ್ಕೆ ಸಕಲೇಶಪುರಕ್ಕೆ ಹೊರಟಿದ್ದಳು. "ಎತ್ಲಾಗೆ ಹೊಂಟ್ಯವ್ವ?" "ಹೊಂಗಡಹಳ್ಳಕ್ಕೆ. ಪುಸ್ತಕ ಕೊಡೋಕೆ." "ಅದ್ಕೆ ನೀನೇ ಹೋಗ್ಬೇಕಾ? ಗಂಡಸ್ರಿರ್ಲಿಲ್ವಾ ಮನೇಲಿ?" ಎಂದ ಕೆಂಚಮ್ಮ, ತಾನೇ ಸಮಾಧಾನ ಮಾಡಿಕೊಂಡು, "ಹೋಗ್ಲಿ ಬುಡು. ಕೂತೇ ಇದ್ರೆ ಹುಚ್ಚ್ ಹಿಡಿತದೆ. ನಮ್ಮಪ್ಪ ಸತ್ತಾಗ ನಮ್ಮವ್ವ ಮೂರನೇ ದಿನಕ್ಕೇ ಗದ್ದೆಗೆ ಇಳಿದ್ಲು, ಊರೋರೆಲ್ಲ ಎಷ್ಟ್ ಆಡ್ಕಂಡ್ರು ಅಂತೀಯ. ಆಡ್ಕಂಡೋರೂ ಸತ್ರು, ಅವ್ಳೂ ಸತ್ಲು" ಎಂದು ಸೆರಗಿನ ಗಂಟು ಬಿಚ್ಚಿ ಎಲೆಯಡಿಕೆ ಹಾಕಿಕೊಂಡಳು. ಗಂಗಾಮಣಿ ರಸ್ತೆ ನೋಡುತ್ತಿದ್ದಳು. ಬಾಳ್ಳುಪೇಟೆ ದಾಟಿದ ಮೇಲೆ ಮೋಹನ ಬಿದ್ದ ಆ ತಿರುವು ಬರುತ್ತದೆ. ನೋಡಬೇಕೋ ಬೇಡವೋ ಎಂದು ಮನೆಯಿಂದ ಹೊರಟಾಗಿನಿಂದ ತೂಗುತ್ತಿದ್ದಳು. ನೋಡಬೇಕು ಎಂದು ತೀರ್ಮಾನಿಸಿದ್ದಳು. ಎರಡನ್ನು ಅಳಿಸಿದ ಸೋಮವಾರ ಕಳೆದು ಮೂರು ವಾರದ ಮೇಲೆ, ಮಂಗಳವಾರ, ಮೋಹನ ರಜೆ ಹಾಕಿ, ಕೊನೆಯ ಕೋಷ್ಟಕಗಳನ್ನು ಚೀಲಕ್ಕೆ ತುಂಬಿ, "ಇವತ್ತು ಮುಗಿಸಿಯೇ ಬರೋದು, ನೋಟ್‌ಬುಕ್ ಇಲ್ಲೇ ಇರಲಿ, ಇನ್ನದರ ಕೆಲಸ ಇಲ್ಲ" ಎಂದು ಬೈಕು ಹತ್ತಿದ. ಎದುರಿನಿಂದ ಮರದ ದಿಮ್ಮಿಯ ಲಾರಿ. ಕೋಷ್ಟಕದ ಹಾಳೆಗಳು ರಸ್ತೆಯ ಎರಡೂ ಬದಿಯ ಹುಲ್ಲಿನ ಮೇಲೆ ಹರಡಿದ್ದವಂತೆ. ಯಾರೋ ಆರಿಸಿ, ಜೋಡಿಸಿ, ಮೇಲೊಂದು ಕಲ್ಲಿಟ್ಟಿದ್ದರಂತೆ. ಆ ಸೋಮವಾರ ಐದು ಗಂಟೆಗೆ ಒಂದು ಮಾತು ಹೇಳಿದ್ದರೆ, ಅವನು ಸಿಟ್ಟಾಗಿ, ಊಟ ಬಿಟ್ಟು, ಹಾಳೆ ಹರಿದು, ಮೊದಲಿನಿಂದ ಕೂರುತ್ತಿದ್ದ. ಆ ಮಂಗಳವಾರವೂ ಅವನು ಮೇಜಿನ ಮುಂದೆ ಇರುತ್ತಿದ್ದ. ಅವಳನ್ನು ದ್ವೇಷಿಸಿಕೊಂಡು ಇರುತ್ತಿದ್ದ, ಇರಲಿ, ಇರುತ್ತಿದ್ದ. "ಟಿಕೆಟ್ ತೋರ್ಸಿ, ಟಿಕೆಟ್" ಎಂದು ತನಿಖೆಯವನು ಭುಜದ ಹತ್ತಿರ ಬಂದು ನಿಂತ. ಕೈಚೀಲದಲ್ಲಿ, ನೋಟ್‌ಬುಕ್ಕಿನ ಕೆಳಗೆ, ಸೆರಗಿನ ತುದಿಯಲ್ಲಿ, ಎಲ್ಲೂ ಟಿಕೆಟ್ ಸಿಗಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕೊನೆಗೆ ಕೆಂಚಮ್ಮನೇ ಅವಳ ಮುಷ್ಟಿ ಬಿಡಿಸಿ, "ಇಲ್ಲೇ ಐತಲ್ಲ, ಮುದ್ದೆ ಮಾಡ್ಬುಟ್ಟಿದ್ದೀಯ" ಎಂದು ತೆಗೆದು ಕೊಟ್ಟಳು. ಗಂಗಾಮಣಿ ತಲೆಯೆತ್ತಿದಾಗ ತಿರುವು ಹಿಂದೆ ಹೋಗಿತ್ತು. ಅವಳು ನೋಡಲಿಲ್ಲ.

ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಬಿಸಿಲೆ ರಸ್ತೆಯ ಬಸ್ಸಿನಲ್ಲಿ ಕೂತಾಗ, ತಪ್ಪನ್ನು ಕಂಡ ಮೇಲಿನ ಆ ಇಪ್ಪತ್ತೆರಡು ದಿನಗಳೇ ತನ್ನ ಮದುವೆಯಲ್ಲಿ ಎಲ್ಲಕ್ಕಿಂತ ಒಳ್ಳೆಯವಾಗಿದ್ದವು ಎಂಬುದು ನಾಚಿಕೆಗೇಡಿನ ಸುದ್ದಿಯಂತೆ ನೆನಪಾಯಿತು. ಲೆಕ್ಕ ಕೂಡಿಬಂದ ಖುಷಿಯಲ್ಲಿ ಮೋಹನ ಬೇರೆ ಮನುಷ್ಯನಾಗಿದ್ದ. ಬಚ್ಚಲಲ್ಲಿ ಹಾಡುತ್ತಿದ್ದ. ಹಾಸನಕ್ಕೆ ಹೋದವನು ಮೈಸೂರು ಪಾಕು ತಂದು, ತಾಯಿಗೆ ಕೊಡುವ ಮೊದಲು ಅವಳ ಬಾಯಿಗಿಟ್ಟಿದ್ದ. ತುಟಿಗೆ ಅಂಟಿದ ತುಪ್ಪವನ್ನು ಬೆರಳಿನಿಂದ ಒರೆಸಿ, "ನಿನಗೂ ಒಂದಿಷ್ಟು ಹೇಳ್ಕೊಡ್ತೀನಿ ಮಣಿ, ಇದು ಮುಗೀಲಿ" ಎಂದಿದ್ದ. ಅವಳು ಹೂಂ ಎಂದಿದ್ದಳು. ಹೇಳಿಕೊಡುತ್ತಾನಂತೆ. ಬಾಯಲ್ಲಿ ಕರಗುತ್ತಿದ್ದ ಸಿಹಿಯ ಹಿಂದೆ ಅವಳು ಅವನನ್ನು ನೋಡುತ್ತಿದ್ದಳು, ಬಿದ್ದೇ ಬೀಳುವ ಗೋಡೆಯ ಕೆಳಗೆ ಆಡುವವನನ್ನು ದೂರ ನಿಂತು ನೋಡುವ ಹಾಗೆ. ಆ ಎರಡನ್ನು ಅಳಿಸಿದ್ದು ಕನಿಕರಕ್ಕೋ ಹಗೆಗೋ ಎಂದು ಹನ್ನೊಂದು ದಿನ ಕೇಳಿಕೊಂಡಿದ್ದಳು. ಎರಡೂ ಆಗಿರಲಿಕ್ಕಿಲ್ಲ. ಅವನಿಗೆ ಗೊತ್ತಿಲ್ಲದ್ದೊಂದು ತನಗೆ ಗೊತ್ತಿದೆ ಎಂಬ ಸುಖಕ್ಕೆ ಇರಬೇಕು. ಹೇಳಿಬಿಟ್ಟರೆ ಅದು ಅವನದಾಗಿಬಿಡುತ್ತಿತ್ತು. ಈಗ ಅವಳಿಗೆ ಉಳಿದಿದ್ದುದು ಅದೊಂದೇ, ಸಂಜೆಯೊಳಗೆ ಅದನ್ನೂ ತೀರಿಸಬೇಕಿತ್ತು. ಹೇಳಿದರೆ ಅತ್ತೆಯ ಮಗ ಎರಡನೆಯ ಸಲ ಸಾಯುತ್ತಾನೆ. ಹೇಳದಿದ್ದರೆ ಯಾವುದೋ ಊರಿನ ಯಾವನೋ ಒಬ್ಬ ಹುಡುಗ ಕಾಫಿ ಕುಡಿಯುತ್ತ ಹತ್ತೇ ನಿಮಿಷದಲ್ಲಿ ಆ ತಪ್ಪನ್ನು ಕಂಡು ನಗುತ್ತಾನೆ. ಮೋಹನನ ಹೆಸರಿನ ಮೇಲೆ ನಗುವ ಹಕ್ಕು ತನ್ನದಲ್ಲದೆ ಇನ್ನೊಬ್ಬರದಾಗುವುದು ಅವಳಿಗೆ ಸಹಿಸಲಾಗಲಿಲ್ಲ. ಅದನ್ನು ಪ್ರೀತಿ ಎನ್ನುತ್ತಾರೋ ಏನೋ.

ಎಸ್ಟೇಟಿನ ಗೇಟಿನಲ್ಲಿ ರೈಟರ್ ವೀರಯ್ಯ ಆಳುಗಳ ಹಾಜರಿ ಪುಸ್ತಕ ಹಿಡಿದು ನಿಂತಿದ್ದ. ಹಣ್ಣು ಕುಯ್ಲಿನ ಕಾಲ, ಹೆಂಗಸರು ಚೀಲ ಹೊತ್ತು ಸಾಲಾಗಿ ಸ್ಟೋರಿನ ಕಡೆ ಹೋಗುತ್ತಿದ್ದರು. ಅವಳ ಬರಿಯ ಹಣೆ, ಮಾಸಲು ಸೀರೆ, ಕೈಚೀಲವನ್ನು ನೋಡಿ ಅವನು, "ಕೆಲ್ಸಕ್ಕಾ? ಇವತ್ತಿನ್ ಹಾಜರಿ ಆಗೋಯ್ತು ಕಣಮ್ಮ. ನಾಳೆ ಏಳ್ಗಂಟೆಗ್ ಬಾ. ಯಾವ್ ಲೈನ್ ಮನೇಲಿದ್ದೀಯ?" ಎಂದ. "ಸಾಹೇಬರಿಗೆ ನೋಟ್‌ಬುಕ್ ಕೊಡಬೇಕಿತ್ತು." "ಕೊಡು ಮತ್ತೆ, ನಾನೇ ಮುಟ್ಟಿಸ್ತೀನಿ. ಅಷ್ಟ್ ದೂರ ಯಾಕ್ ಹತ್ತೀಯ." ಕೈ ಚಾಚಿದ. ಚೀಲದೊಳಗೆ ಅವಳ ಕೈ ನೋಟ್‌ಬುಕ್ಕಿನ ಬೆನ್ನನ್ನು ಹಿಡಿದಿತ್ತು. ಕೊಟ್ಟುಬಿಟ್ಟರೆ ಪದ್ಧತಿಯೂ ಮುಗಿಯುತ್ತದೆ, ಅತ್ತೆ ಹೇಳಿದ ಕೈಯೂ ಹಗುರವಾಗುತ್ತದೆ, ಮೂರು ಗಂಟೆಯ ಬಸ್ಸೂ ಸಿಗುತ್ತದೆ. ಅವನ ಅಂಗೈಯ ಗೆರೆಗಳಲ್ಲಿ ಕಾಫಿ ಹಣ್ಣಿನ ಕಪ್ಪು ಕೂತಿತ್ತು. "ಬೇಡಿ, ನಾನೇ ಕೊಡಬೇಕು" ಎಂದಳು. "ಓ, ಮೇಷ್ಟ್ರ ಮನೆಯೋರಾ?" ಎಂದು ವೀರಯ್ಯ ತಟ್ಟನೆ ಬಹುವಚನಕ್ಕೆ ಬಂದು, ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ, ತಲೆಯ ಟವೆಲ್ಲು ತೆಗೆದ. ಕನಿಕರ ಮತ್ತೆ ಶುರುವಾಯಿತು.

ಬಂಗಲೆಯ ಒಳಗೆಲ್ಲ ಕ್ರಿಸ್‌ಮಸ್ಸಿಗೆಂದು ರಮ್ಮಿನಲ್ಲಿ ನೆನೆಹಾಕಿದ ಒಣದ್ರಾಕ್ಷಿಯ ವಾಸನೆ. ಸಾಹೇಬರ ಹೆಂಡತಿ ಪೆಟ್ರೀಷಿಯಾ ಅವಳನ್ನು ಕೂರಿಸಿ, ಕೇಳದೆಯೇ ನೀರು ತಂದಿಟ್ಟು, ತಾವೂ ಹತ್ತಿರದ ಕುರ್ಚಿಯಲ್ಲಿ ಬಾದಾಮಿಯ ಬಟ್ಟಲಿಟ್ಟುಕೊಂಡು ಸಿಪ್ಪೆ ಬಿಡಿಸುತ್ತ ಕೂತರು. ಕ್ಸೇವಿಯರ್ ಆಫೀಸು ಕೋಣೆಯಿಂದ ಕಾಗದಗಳನ್ನು ಹಿಡಿದುಕೊಂಡೇ ಬಂದರು. ಅರವತ್ತೈದರ ಮನುಷ್ಯ, ಸ್ವೆಟರಿನ ಗುಂಡಿ ತಪ್ಪಿ ಹಾಕಿಕೊಂಡಿದ್ದರು. "ಬನ್ನಿ ಮಿಸೆಸ್ ಮೋಹನ್. ನೀವು ಇಷ್ಟು ದೂರ ಬರುವುದೆಂತಕ್ಕೆ, ನಾನೇ ಬರ್ತಿದ್ದೆನಲ್ಲ. ನೋಡಿ, ರೆಡಿ. ಐದು ಗಂಟೆಗೆ ಫೋನಿನ ಲೈನು ಸಿಕ್ಕಿದ ಕೂಡಲೇ ಕಳಿಸುವುದು." ಮೊದಲ ಪುಟದಲ್ಲಿ ಮೋಹನನ ಹೆಸರು, ಅದರ ಪಕ್ಕ ಒಂದು ಚಿಕ್ಕ ಶಿಲುಬೆಯ ಗುರುತು. "ತೀರಿಕೊಂಡವರಿಗೆ ಹಾಗೆ ಹಾಕುವುದು, ನಮ್ಮ ಧರ್ಮದ್ದು ಅಂತ ತಿಳ್ಕೋಬೇಡಿ" ಎಂದು ಅವರು ಸಂಕೋಚದಿಂದ ಹೇಳಿದರು. ಆಮೇಲೆ ಕೊನೆಯ ಪುಟ ತಿರುಗಿಸಿ ಬೆರಳಿಟ್ಟರು. "ಇಲ್ಲಿ ನಿಮಗೂ ಥ್ಯಾಂಕ್ಸ್ ಹೇಳಿದ್ದೇನೆ. ಮಿಸೆಸ್ ಮೋಹನ್ ಅವರ ಆತಿಥ್ಯಕ್ಕೆ. ಆ ಊಟ ನಾನು ಮರೆಯುವುದುಂಟಾ ಮಾರಾಯ್ರೆ."

ಗಂಗಾಮಣಿ ನೋಟ್‌ಬುಕ್ ತೆಗೆದು ನಲವತ್ತೊಂದನೆಯ ಪುಟ ಬಿಡಿಸಿ ಅವರ ಹಾಳೆಗಳ ಪಕ್ಕಕ್ಕಿಟ್ಟಳು. "ಸಾರ್, ಇದರಲ್ಲಿ ನೀವು ನೂರ ಎಪ್ಪತ್ತನಾಲ್ಕು ಬರೆದಿದ್ದೀರಿ."

"ಹೌದು. ನಮ್ಮ ಕಾಲದಲ್ಲಿ ಹಾಗೇ."

"ಅವರು ತೆಗೆದುಕೊಂಡ ಸೂತ್ರ ಇನ್ನೂರ ನಲವತ್ತಾರರದ್ದು. ಅಂಕಿ ಮಾತ್ರ ನಿಮ್ಮದು. ಎರಡು ಪಟ್ಟು ಹೆಚ್ಚು ಬಂದಿದೆ."

ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಾಯಿತು? ಅರ್ಧ ನಿಮಿಷ. ಕ್ಸೇವಿಯರ್ ನಗುಮುಖದಲ್ಲೇ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಂಡರು. ನಗು ನಿಧಾನವಾಗಿ ಒಂಟಿಯಾಗಿ ಮುಖದ ಮೇಲೆ ಉಳಿಯಿತು, ಆಮೇಲೆ ಅದೂ ಹೋಯಿತು. ಕುಯ್ಲಿನ ತೂಕದ ಚೀಟಿಯೊಂದನ್ನು ಮಗುಚಿ ಅದರ ಹಿಂದೆ ಬರೆಯತೊಡಗಿದರು. ಎರಡು ಸಲ ಬರೆದರು. ಪೆಟ್ರೀಷಿಯಾ ಬಾದಾಮಿ ಬಿಡಿಸುವುದನ್ನು ನಿಲ್ಲಿಸಿ ಗಂಡನ ಕುತ್ತಿಗೆಯನ್ನೇ ನೋಡುತ್ತಿದ್ದರು. ಆ ಕುತ್ತಿಗೆ ಕೆಂಪಾಗುತ್ತಿತ್ತು. ಹೊರಗೆ ಒಣಗಲು ಹರವಿದ ಕಾಫಿಯನ್ನು ಯಾರೋ ಕಾಲಿನಿಂದ ಸಾಲು ತಿರುವುತ್ತಿದ್ದ ಸರಸರ ಸದ್ದು. ಈ ಮುದುಕನ ಮೂವತ್ತು ವರ್ಷದ ಆಸೆಯನ್ನೂ ಅತ್ತೆಯ ಉಳಿದ ಆಯುಷ್ಯವನ್ನೂ ಒಂದೇ ಮಾತಿನಲ್ಲಿ ಮುಗಿಸಿದೆ ಎಂದು ಗಂಗಾಮಣಿ ಅಂದುಕೊಂಡಳು. ಒಳಗೆ ಎಲ್ಲೋ ಅವಳಿಗೆ ಹೆಮ್ಮೆಯಂಥದ್ದೂ ಆಯಿತು.

"ಸರಿ. ನೀವು ಹೇಳುವುದು ಸರಿ" ಎಂದರು ಕ್ಸೇವಿಯರ್. ಆಮೇಲೆ ಚೀಟಿಯನ್ನು ದೂರ ಹಿಡಿದು ನೋಡಿ, ಇದ್ದಕ್ಕಿದ್ದಂತೆ ತೊಡೆ ತಟ್ಟಿದರು. "ಅಯ್ಯೋ, ಇದಕ್ಕೆಂತ ಹೆದರುವುದು? ಕೋನ ಇದೆಯಲ್ಲ! ಈ ಹಗುರದವನಿಗೆ ಪೂರ್ತಿ ಬಲ ನಾವು ಕೊಟ್ಟಿಲ್ಲ, ಅವನದ್ದೊಂದು ಪಾಲು, ಉಳಿದದ್ದು ಅವನ ಅಣ್ಣನಿಗೆ, ಆ ಭಾರದವನಿಗೆ. ಪಾಲು ಎಷ್ಟು ಅಂತ ಹೇಳುವುದು ಆ ಕೋನ, ಅದನ್ನು ನಾವೇ ಇಟ್ಟುಕೊಳ್ಳುವುದು. ಮೋಹನ್ ಇಟ್ಟ ಪಾಲು ಸೊನ್ನೆ ಬಿಂದು ನಾಲ್ಕು. ಸೊನ್ನೆ ಬಿಂದು ಎಂಟು ಇಟ್ಟರೆ ಆಯಿತು. ಒಂದಕ್ಕಿಂತ ಕಡಿಮೆಯೇ ಅಲ್ವಾ? ಮತ್ತೆ ನಾಲ್ಕೇ ಗುರುತು!" ಅವರ ಮುಖಕ್ಕೆ ರಕ್ತ ಬಂತು. "ಐದು ಹಿಗ್ಸ್ ಇಟ್ಟುಕೊಂಡದ್ದಕ್ಕೆ ಇದೇ ಉಪಕಾರ ನೋಡಿ. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ತಿರುಗಿಸ್ಬಹುದು. ಕೋಷ್ಟಕ ಒಂದು ಬದಲಿಸಬೇಕು, ಅರ್ಧ ಗಂಟೆ ಕೆಲಸ. ಮೋಹನ್ ಇದ್ದಿದ್ದರೆ ಕಾಫಿ ಆರುವುದರೊಳಗೆ ಮುಗಿಸ್ತಿದ್ದ."

ಗಂಗಾಮಣಿ ನೀರಿನ ಲೋಟ ಕೈಗೆತ್ತಿಕೊಂಡು, ಕುಡಿಯದೆ ಹಾಗೇ ಹಿಡಿದುಕೊಂಡಳು. ಅರ್ಧ ಗಂಟೆ. ಆ ಸೋಮವಾರ ಅವಳು ತಪ್ಪು ಸಿಕ್ಕಿದ ಕೂಡಲೇ ನಿಲ್ಲಿಸಿದ್ದಳು. ಮುಂದಿನ ಸಾಲಿಗೆ ಹೋಗಿರಲಿಲ್ಲ. ಹೋಗಿದ್ದರೆ ಅವಳಿಗೂ ಕಾಣುತ್ತಿತ್ತು, ಅಷ್ಟು ಸುಲಭದ್ದು. ಅವಳಿಗೆ ಬೇಕಿದ್ದುದು ತಪ್ಪು ಮಾತ್ರ. ಐದು ಗಂಟೆಗೆ ಹೇಳಿದ್ದರೆ ಅವನು ಒಂದು ಕ್ಷಣ ಬೆಚ್ಚಿ, ಐದೂವರೆಗೆ ಕೋನ ತಿರುಗಿಸಿ, ಆರಕ್ಕೆ ಮತ್ತೆ ಹಾಡುತ್ತಿದ್ದ. ಇಪ್ಪತ್ತೆರಡು ದಿನ ಅದೇ ಹಾಡು, ಅದೇ ಮೈಸೂರು ಪಾಕು, ಅದೇ ಮಂಗಳವಾರ, ಅದೇ ಬೈಕು. ಅವಳು ಬಾಯಿ ಮುಚ್ಚಿಕೊಂಡದ್ದರಿಂದ ಏನೂ ಆಗಿರಲಿಲ್ಲ. ಅವನನ್ನು ಕೊಂದದ್ದು ತಾನು ಎಂಬುದನ್ನು ಹನ್ನೊಂದು ದಿನ ಎದೆಗೆ ಅವಚಿಕೊಂಡು ಕೂತಿದ್ದಳು, ಯಾರಿಗೂ ಕೊಡದೆ. ಅಳು ಬರದಿದ್ದುದಕ್ಕೆ ಅದೇ ಕಾರಣ ಎಂದುಕೊಂಡಿದ್ದಳು. ಅಷ್ಟು ದೊಡ್ಡದನ್ನು ಹೊತ್ತವಳು ಅಳುವುದು ಹೇಗೆ? ಈಗ ಒಬ್ಬ ಮುದುಕ ತೂಕದ ಚೀಟಿಯ ಹಿಂದೆ ಒಂದು ಅಂಕಿ ಬದಲಿಸಿ ಅದನ್ನೂ ಇಸಿದುಕೊಂಡ.

"ನಿಮಗೆ ಇದು ಯಾವಾಗ ಸಿಕ್ಕಿತು?" ಎಂದರು ಕ್ಸೇವಿಯರ್, ಬರೆಯುತ್ತಲೇ.

ನಿನ್ನೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಬಸ್ಸಿನಲ್ಲೇ ಸಿದ್ಧ ಮಾಡಿದ್ದಳು. ಈಗ ಸುಳ್ಳು ಹೇಳುವುದಕ್ಕೂ ಕಾರಣ ಉಳಿದಿರಲಿಲ್ಲ.

"ನೀವು ಊಟಕ್ಕೆ ಬಂದಿದ್ದಿರಲ್ಲ, ಅದರ ಮಾರನೆಯ ದಿನ."

ಪೆನ್ನು ನಿಂತಿತು. ಸಾಹೇಬರು ಕನ್ನಡಕದ ಮೇಲಿನಿಂದ ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆ ಭಾನುವಾರದ ಊಟ, ಆ ಮಾತು, ತಮ್ಮ ನಗು, ಒಂದೊಂದಾಗಿ ಅವರಿಗೆ ನೆನಪಾಗುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. "ಹೇಳ್ಬಹುದಿತ್ತಲ್ಲ ಮಾರಾಯ್ರೆ" ಎಂದರು ಮೆಲ್ಲಗೆ.

"ಹೇಳಬಹುದಿತ್ತು."

ಪೆಟ್ರೀಷಿಯಾ ಗಂಡನಿಗೆ ಕೊಂಕಣಿಯಲ್ಲಿ ಏನೋ ಚಿಕ್ಕದಾಗಿ, ಖಾರವಾಗಿ ಹೇಳಿದರು. ಕ್ಸೇವಿಯರ್ ತಲೆ ತಗ್ಗಿಸಿಕೊಂಡರು. ಆಮೇಲೆ ಮೊದಲ ಪುಟವನ್ನು ಎದುರಿಗೆಳೆದುಕೊಂಡು, "ಮೂರನೆಯ ಹೆಸರು ಹಾಕುವ. ನ್ಯಾಯ ಅದೇ. ನಿಮ್ಮ ಹೆಸರು... ನಿಮ್ಮ ಹೆಸರು ಎಂತ ಹೇಳಿದ್ರಿ?" ಎಂದರು.

ಅವಳು ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ. "ಬೇಡ ಸಾರ್. ಆತಿಥ್ಯ ಅಂತಲೇ ಇರಲಿ."

"ಹಾಗಾದರೆ ಈ ನೋಟ್‌ಬುಕ್ಕಾದರೂ ಇಟ್ಕೊಳ್ಳಿ. ನನಗಿನ್ನು ಎಂತಕ್ಕೆ? ನೀವು ಮುಂದುವರಿಸಿ. ನಿಮ್ಮಂಥವರು ಸುಮ್ಮನೆ ಕೂರಬಾರದು."

"ಸೋಮವಾರದಿಂದ ಆಲೂರು ಕಾಲೇಜಿಗೆ ಓಡಾಡಬೇಕು ಸಾರ್, ಗುಮಾಸ್ತೆ ಕೆಲಸದ ಅರ್ಜಿ ಹಿಡಿದುಕೊಂಡು" ಎಂದು ಅವಳು ಎದ್ದಳು. ನೋಟ್‌ಬುಕ್ಕನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಚಾಚಿದಳು. "ಇದು ಅವರು ಎರವಲು ತಂದಿದ್ದು. ವಾಪಸ್ ತೆಗೆದುಕೊಳ್ಳಿ."

ಕ್ಸೇವಿಯರ್ ಎದ್ದು ನಿಂತು ತೆಗೆದುಕೊಂಡರು. ಮೂವತ್ತು ವರ್ಷ ಹುಡುಗರಿಗೆ ಪುಸ್ತಕ ಕೊಟ್ಟು ಇಸಿದುಕೊಂಡ ಕೈ. ತಮಗೆ ಅರಿವಿಲ್ಲದೆಯೇ ಅವರು ಅದನ್ನು ಬೋರಲು ಹಿಡಿದು, ಹಾಳೆಗಳ ನಡುವೆ ಏನಾದರೂ ಉಳಿದಿದೆಯೇ ಎಂದು ಒಮ್ಮೆ ಕೊಡವಿದರು. ಗಂಗಾಮಣಿಯೂ ನೆಲವನ್ನು ನೋಡುತ್ತ ನಿಂತಳು. ಏನೂ ಬೀಳಲಿಲ್ಲ.